ಹೊಳೆದಾರಿಯ ಕುದುರೆಗಲ್ಲು

ಈಗಿನ ಹುಡುಗರು ನಡೆಯುವುದಕ್ಕೆಂದೇ ಬಸ್ಸು ಹತ್ತಿ ಬರುತ್ತಾರೆ. ಬೆನ್ನಿಗೆ ಚೀಲ, ಕಾಲಿಗೆ ಗಟ್ಟಿ ಬೂಟು, ಕೈಯಲ್ಲೊಂದು ಕೋಲು. ಹಾನಗಲ್ಲಿನ ಕಾಡಂಚು, ಕಾಲುವೆ ಏರಿ, ವರದಾ ದಂಡೆ ಎಲ್ಲ ಸುತ್ತಾಡಿ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಾ, "ಎಷ್ಟು ಚಂದದ ದಾರಿ ಅಜ್ಜಿ" ಎನ್ನುತ್ತಾರೆ. ಹೌದಪ್ಪ, ಚಂದ. ನಾನು ಅದೇ ದಾರಿಯಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಬರಿಗಾಲಲ್ಲಿ ನಡೆದವಳು. ಚಂದವೋ ಅಲ್ಲವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ನನ್ನ ಮದುವೆಯಾದದ್ದು ಐವತ್ತರ ದಶಕದಲ್ಲಿ. ತವರು ವರದೆಯ ಆಚೆ, ಅಬಲೂರಿನ ಕಡೆಯ ಒಣಭೂಮಿ. ಜೋಳ ಬಿಟ್ಟರೆ ಏನೂ ಬೆಳೆಯದು. ಗಂಡನ ಮನೆ ಹೊಳೆಯ ಈಚೆ, ಹಾನಗಲ್ ಸೀಮೆಯ ಕಾಲುವೆ ನೀರಿನ ಭತ್ತದ ಊರು. ಅಪ್ಪ ತೀರಿಕೊಂಡಿದ್ದ. ಇದ್ದವರು ಅವ್ವ ಮತ್ತು ಅಣ್ಣ. "ಮಗಳು ಎರಡೂ ಹೊತ್ತು ಅನ್ನ ಉಣ್ತಾಳ" ಎಂದು ಅವ್ವ ಊರ ತುಂಬ ಹೇಳಿಕೊಂಡು ಬಂದಿದ್ದಳು. ಅನ್ನ ಉಂಡದ್ದು ನಿಜ. ಎಲ್ಲರೂ ಉಂಡು ಎದ್ದ ಮೇಲೆ, ತಳ ಹಿಡಿದದ್ದನ್ನು ಕೆರೆದು ಉಂಡೆ.

ಎರಡು ಊರುಗಳ ನಡುವೆ ಇದ್ದದ್ದು ಒಂದು ಕಾಲುದಾರಿ. ಆಚೆಯಿಂದ ಬಂದರೆ ಮೊದಲು ಎರೆಹೊಲಗಳ ಬದು, ಆಮೇಲೆ ಜಾಲಿಮರಗಳ ಸಾಲು, ಆಮೇಲೆ ಹೊಳೆ. ಹೊಳೆ ದಾಟಿದರೆ ನನ್ನ ಮಾವನ ಹೊಲ. ಅದರ ನಡುವೆ ಹಾದು ಕಾಲುವೆ ಏರಿ ಹತ್ತಿ, ಹೊಂಗೆ ಮರಗಳ ನೆರಳಲ್ಲಿ ನಡೆದರೆ ಊರು. ಅಣ್ಣ ಮುಂದೆ, ನಾನು ಹಿಂದೆ. ಅವನದು ಜೀರು ಜೀರು ಎನ್ನುವ ಚಪ್ಪಲಿ. ಮುಳ್ಳು ಕಂಡರೆ ಅದೇ ಚಪ್ಪಲಿಯಿಂದ ಪಕ್ಕಕ್ಕೆ ಸರಿಸಿ, ತಿರುಗಿ ಕೂಡ ನೋಡದೆ, "ಬಲಕ್ಕ ಬಾರವಾ" ಎನ್ನುತ್ತಿದ್ದ. ನನಗೆ ಲೋಕದಲ್ಲಿ ಇದ್ದ ಸುಖ ಅಷ್ಟು. ಅದೂ ವರ್ಷಕ್ಕೊಮ್ಮೆ, ನಾಗರ ಪಂಚಮಿಗೆ, ಅವನು ಕರೆಯಲು ಬಂದಾಗ.

ಹೊಳೆಯ ಈಚೆ ದಂಡೆಯಲ್ಲಿ ಒಂದು ವೀರಗಲ್ಲು ಇತ್ತು. ಕುದುರೆ ಏರಿದ ಒಬ್ಬ ಗಂಡಸು, ಕೈಯಲ್ಲಿ ಕತ್ತಿ. ಯಾರ ಜೊತೆ ಕಾದಾಡಿದನೋ, ಯಾಕೆ ಸತ್ತನೋ ಯಾರಿಗೂ ಗೊತ್ತಿಲ್ಲ. ನಮಗೆ ಅವನಿಂದ ಆಗುತ್ತಿದ್ದದ್ದು ಒಂದೇ ಕೆಲಸ. ಹೊಳೆದಾರಿಯಲ್ಲಿ ಆಚೆ ದಂಡೆಯ ಕಡೆ ನೀರು ಯಾವಾಗಲೂ ತೆಳುವು. ಈಚೆ ದಂಡೆಗೆ ಹತ್ತಿದಂತೆ ಮಾತ್ರ ಒಂದು ಮಡುವು ಇತ್ತು. ಆಚೆ ನಿಂತವರಿಗೆ ಅದರ ಆಳ ತಿಳಿಯುವಂತಿರಲಿಲ್ಲ. ಅದಕ್ಕೇ ಅವರು ಕಲ್ಲು ನೋಡುತ್ತಿದ್ದರು. ಕುದುರೆಯ ಕಾಲು ಒಣಗಿದ್ದರೆ ಇಳಿಯಬಹುದು, ನೀರಲ್ಲಿದ್ದರೆ ತಿರುಗಿ ಹೋಗಬೇಕು. ನನ್ನ ತವರಿನ ಕಡೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿತದ್ದು ಇದನ್ನು. ಈಚೆಯವರು ಮಡುವನ್ನು ಕಣ್ಣೆದುರೇ ಕಾಣುತ್ತಿದ್ದರಾದ್ದರಿಂದ ಅವರಿಗೆ ಕಲ್ಲಿನ ಹಂಗಿರಲಿಲ್ಲ.

ನನ್ನ ಮಾವ ಊರಲ್ಲಿ ದೊಡ್ಡ ಮನುಷ್ಯ. ಪಂಚಮಿ ಬರುವುದು ಭತ್ತದ ಕಳೆ ತೆಗೆಯುವ ಕಾಲಕ್ಕೇ ಎಂಬುದು ಅವನ ದೊಡ್ಡ ಸಂಕಟ. ಸೊಸೆ ಜೋಕಾಲಿ ಆಡಲು ಹೋದರೆ ಕೂಲಿಯವಳನ್ನು ಹಚ್ಚಬೇಕಲ್ಲ. ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಪಂಚಮಿ ಹತ್ತಿರ ಬಂತೆಂದರೆ ಆಚೆ ಹೋಗುವವರ ಕೈಲಿ, "ಹೊಳಿ ತುಂಬೇತಿ, ಕರಿಯಾಕ ಬರಬ್ಯಾಡ್ರಿ" ಎಂದು ನನ್ನ ತವರಿಗೆ ಹೇಳಿ ಕಳಿಸುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಎರಡನೆಯ ವರ್ಷ ಆ ಹೊತ್ತಿನಲ್ಲಿ ಕುರಿಮಂದೆ ಹೊಳೆ ದಾಟಿ ಹೋಗಿತ್ತೆಂದು ಅಣ್ಣನಿಗೆ ಆಮೇಲೆ ಗೊತ್ತಾಯಿತು. ಅವನು ಸಿಟ್ಟಿನ ಮನುಷ್ಯನಲ್ಲ. ಆದರೂ ದೀಪಾವಳಿಗೆ ಬಂದಾಗ ನನ್ನ ಮಾವನ ಎದುರೇ ಹೇಳಿದ: "ಇನ್ನ ಮ್ಯಾಲ ನಿಮ್ಮ ಮನಿ ಮಾತು ಕೇಳಂಗಿಲ್ರಿ ಮಾವಾರ. ಕಲ್ಲು ನೋಡ್ತೇನಿ, ಬರ್ತೇನಿ."

ಮಾವ ನಕ್ಕು ಎಲೆಯಡಿಕೆ ತಟ್ಟೆ ಮುಂದೆ ಸರಿಸಿದ.

ಮರು ಬೇಸಿಗೆಯಲ್ಲಿ ಅವನಿಗೆ ಹೊಲದ ನಡುವಿನ ಕಾಲುದಾರಿಯ ಮೇಲೆ ಕಣ್ಣು ಬಿತ್ತು. ಮಂದಿ ತುಳಿದು ತುಳಿದು ಗಟ್ಟಿಯಾದ ಆ ನೆಲ ಎತ್ತಿನ ಬಂಡಿಯಷ್ಟು ಅಗಲವೂ ಇರಲಿಲ್ಲ. ಆದರೂ ಅದು ತನ್ನ ನೇಗಿಲಿಗೆ ಸಿಗದೆ ಉಳಿದಿದೆಯಲ್ಲ ಎಂದು ಅವನ ಹೊಟ್ಟೆ ಉರಿಯುತ್ತಿತ್ತು. ದಾರಿಯನ್ನು ಹೊಲದಂಚಿಗೆ ತಳ್ಳಿ ಹಳೆಯದರ ಮೇಲೆ ನೇಗಿಲು ಹೊಡೆಸಿಬಿಟ್ಟ. ಉಳುಮೆಗೆ ಅಡ್ಡ ಬಂದ ವೀರಗಲ್ಲನ್ನು ಕಿತ್ತು, ಹಗ್ಗ ಕಟ್ಟಿ, ಎತ್ತುಗಳಿಂದ ಎಳೆಸಿ, ದಂಡೆಯ ಮೇಲುಗಡೆ ಹೊಸ ಬದುವಿಗೆ ಗುರುತಾಗಿ ನಿಲ್ಲಿಸಿದ. ಮೊದಲಿದ್ದ ಜಾಗಕ್ಕಿಂತ ಅದು ಒಂದಾಳು ಎತ್ತರದಲ್ಲಿತ್ತು. ಎತ್ತು ಹೊಡೆದವನು ನನ್ನ ಗಂಡ. ಅವನಿಗೂ ಬಾಯಿ ಇತ್ತು, ಊಟಕ್ಕೆ.

ಬುತ್ತಿ ತಂದಿದ್ದ ನಾನು ಅದನ್ನು ನೋಡಿ ತಡೆಯಲಾರದೆ ಹೇಳಿದೆ: "ಮಾವಾರ, ಆಚಿ ದಂಡಿಯವ್ರು ಇದನ್ನ ನೋಡೇ ಹೊಳಿಗೆ ಇಳಿತಾರ್ರಿ. ಇಲ್ಲಿಗಿಟ್ರ ಕುದುರಿ ಕಾಲು ನೆನಿಯೋದ್ರಾಗ ಮಂದಿ ಮುಳುಗಿರ್ತಾರ."

"ಕಲ್ಲು ನಿಮ್ಮಪ್ಪ ನೆಟ್ಟಿದ್ದನೇನು?" ಎಂದ ಮಾವ. "ನೆಲ ನಮ್ದು. ಆಚಿಯವ್ರಿಗೆ ಕಣ್ಣಿಲ್ಲೇನು, ನೀರು ನೋಡಿ ಇಳೀಲಿ."

ಆಗ ಹೊಳೆಯಲ್ಲಿ ಬರೀ ಉಸುಕು. ಮಂದಿ ನಡು ಉಸುಕಿನಲ್ಲೇ ನಡೆದು ದಾಟುತ್ತಿದ್ದರು, ಕಲ್ಲಿನತ್ತ ಯಾರೂ ತಿರುಗಿ ನೋಡಲಿಲ್ಲ. ಆಚೆಯಿಂದ ನೋಡಿದರೆ ಅದೇ ಕಲ್ಲು, ಅದೇ ಕುದುರೆ, ಹಿಂದೆ ಅದೇ ಹುಣಸೆಮರ. ಬಿತ್ತನೆಯ ಮಳೆಗೂ ಹೊಳೆ ಏರಲಿಲ್ಲ. ಶ್ರಾವಣ ಬರುವಾಗ ಘಟ್ಟದ ಕಡೆ ಮಳೆ ಜೋರಾಗಿ ಕೆಂಪು ನೀರು ಬರತೊಡಗಿತು. ನನಗೆ ಉಂಡದ್ದು ಮೈಗೆ ಹತ್ತದಾಯಿತು. ಅಣ್ಣ ಬಂದೇ ಬರುತ್ತಾನೆ, ಕಲ್ಲು ನೋಡಿಯೇ ಇಳಿಯುತ್ತಾನೆ. ಅವನಿಗೆ ಸುದ್ದಿ ಮುಟ್ಟಿಸಬೇಕು, ಅದೂ ಮಾವನ ಬಾಯಿಂದಲ್ಲ.

ಸವಣೂರಿನಿಂದ ತಟ್ಟು ಕುದುರೆಯ ಮೇಲೆ ವೀಳ್ಯದೆಲೆ ಹೇರಿಕೊಂಡು ಬರುವ ಒಬ್ಬ ಮುದುಕ ಸಾಬರಿದ್ದರು. ನಮ್ಮೂರಲ್ಲಿ ಎಲೆ ಕೊಟ್ಟು, ದೊಡ್ಡ ರಸ್ತೆಯ ಸೇತುವೆ ದಾಟಿ ಹೊಳೆಯಾಚೆ ಹಿರೇಕೆರೂರಿನ ಕಡೆ ಹೋಗುತ್ತಿದ್ದರು. ಎಲೆ ಒಣಗದಂತೆ ಒದ್ದೆ ಬಟ್ಟೆ ಹೊದಿಸಿ, ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು. ಅವರು ಬಾಗಿಲಿಗೆ ಬಂದಾಗ ಎಲೆ ಆರಿಸುವ ನೆವದಲ್ಲಿ ಎಲ್ಲ ಹೇಳಿದೆ.

"ನಮ್ಮಣ್ಣಗ ಹೇಳ್ರಿ. ಕಲ್ಲು ಮ್ಯಾಲೆ ಇಟ್ಟಾರ, ಅದನ್ನ ನಂಬಬ್ಯಾಡ. ಹೊಳಿದಾರಿಲೆ ಬರಬ್ಯಾಡ, ದೊಡ್ಡ ರಸ್ತಾದ ಸೇತುವೆಗುಂಟ ಸುತ್ತ ಹಾಕಿ ಬಾ ಅಂತ ಹೇಳ್ರಿ."

"ಹೇಳ್ತೇನಿ ಬೇಟಿ, ಫಿಕರ್ ಮಾಡಬ್ಯಾಡ" ಎಂದರು ಸಾಬರು.

ಅತ್ತೆ ಒಳಗಿನಿಂದ ನೋಡಿದ್ದಳು. ಸಾಬರು ಓಣಿ ದಾಟುವುದನ್ನು ಕಾದಿದ್ದು ನನ್ನ ತುರುಬು ಹಿಡಿದು ಹಿತ್ತಲಿಗೆ ಎಳೆದಳು. "ಕಂಡಕಂಡವ್ರ ಮುಂದ ಮನಿ ಮಾನ ಹರಾಜು ಹಾಕ್ತೀ ಏನ" ಎಂದು ಕೊಟ್ಟಿಗೆಯ ಕಸಬರಿಗೆಯಿಂದಲೇ ಹೊಡೆದಳು. ಸಂಜೆ ಮಾವನಿಗೂ ಸುದ್ದಿ ಹೋಯಿತು. ಆ ದಿನ ನನಗೆ ಕೂಳಿಲ್ಲ. ನಾನು ಅಳಲಿಲ್ಲ, ಒಳಗೊಳಗೇ ಹಿಗ್ಗಿದ್ದೆ. ಹೊಡೆತ ತಿಂದರೂ ಕೆಲಸ ಆಯಿತಲ್ಲ.

ಪಂಚಮಿಗೆ ಮುಂಚಿನ ದಿನಗಳಲ್ಲಿ ಆ ಹೊಳೆಹೊಲದಲ್ಲೇ ಕಳೆ ತೆಗೆಯುತ್ತಿದ್ದೆವು. ಒಂದು ಮಧ್ಯಾಹ್ನ ಆಚೆ ದಂಡೆಯಲ್ಲಿ ಬಿಳಿ ರುಮಾಲು ಕಂಡಿತು. ಅಣ್ಣ. ತಲೆಯ ಮೇಲೆ ಉಂಡಿಯ ಗಂಟು. ಚಪ್ಪಲಿ ಕಳಚಿ ಕೋಲಿಗೆ ಸಿಕ್ಕಿಸಿಕೊಂಡ. ನಿಂತು, ಹಣೆಗೆ ಕೈ ಅಡ್ಡ ಹಿಡಿದು ಕಲ್ಲನ್ನು ನೋಡಿದ. ಕುದುರೆಯ ಕಾಲು ಒಣಗಿತ್ತು. ಒಣಗದೆ ಏನು, ಅದು ಹುಣಸೆಮರದ ಬುಡದಲ್ಲಿತ್ತು.

ನಾನು ಓಡಿದೆ. ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದೆ, ಕೂಗಿದೆ. ಹೊಳೆಯ ಸಪ್ಪಳದಲ್ಲಿ ಕೂಗು ನನಗೇ ಕೇಳಲಿಲ್ಲ. ತಂಗಿ ಹಿಗ್ಗಿನಿಂದ ಕರೆಯುತ್ತಿದ್ದಾಳೆ ಎಂದುಕೊಂಡ ಅವನು. ತಾನೂ ಕೈ ಎತ್ತಿ ಬೀಸಿ ನೀರಿಗೆ ಇಳಿದ. ನಡುಹೊಳೆಯವರೆಗೆ ಚೆನ್ನಾಗಿಯೇ ಬಂದ. ಈಚೆ ದಂಡೆ ಇನ್ನೇನು ಸಿಕ್ಕಿತು ಎನ್ನುವಲ್ಲಿ ಮಡುವು ಅವನನ್ನು ಎಳೆದುಕೊಂಡಿತು. ರುಮಾಲು ಮಾತ್ರ ಸ್ವಲ್ಪ ದೂರ ತೇಲಿತು. ನನ್ನ ಗಂಡ ಬದುವಿನ ಮೇಲೆ ನಿಂತೇ ಇದ್ದ. ನೀರಿಗೆ ಹಾರಹೋದ ನನ್ನನ್ನು ಕಳೆ ತೆಗೆಯುವ ಹೆಂಗಸರು ಹಿಡಿದುಕೊಂಡರು. ಹಿಡಿಯಬಾರದಿತ್ತು ಎಂದು ಬಹಳ ವರ್ಷ ಅವರನ್ನು ಬೈದುಕೊಂಡಿದ್ದೇನೆ.

ಹೆಣ ಮರುದಿನ ಕೆಳಗಡೆ ಲಕ್ಕಿಗಿಡಗಳಲ್ಲಿ ಸಿಕ್ಕಿತು. ಉಂಡಿಯ ಗಂಟು ಯಾರೋ ತಂದು ಕೊಟ್ಟರು. ಅವ್ವ ಕಟ್ಟಿದ ಅರಳುಂಡಿ, ಎಳ್ಳುಂಡಿ, ಎಲ್ಲ ನೀರು ಕುಡಿದು ಮುದ್ದೆಯಾಗಿದ್ದವು. ಅತ್ತೆ ಬೆಲ್ಲ ದಂಡ ಆಗಬಾರದೆಂದು ಅದನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ನಾನು ನೋಡುತ್ತಿದ್ದಂತೆಯೇ ಸುರಿದಳು.

ಕಲ್ಲು ಸರಿಸಿದ್ದಕ್ಕೆ ಆಚೆ ಊರಿನವರು ಪಂಚರನ್ನು ಸೇರಿಸಿದರು. ಗುಡಿಯ ಕಟ್ಟೆಯ ಮೇಲೆ ಹಿರಿಯರು, ಕೆಳಗೆ ನೆಲದ ಮೇಲೆ ಅವ್ವ. ನಾನು ಎದುರು ಮನೆಯ ಬಾಗಿಲ ಮರೆಯಲ್ಲಿ. ಸೊಸೆಯಂದಿರು ಪಂಚರ ಮುಂದೆ ಬರುವಂತಿರಲಿಲ್ಲ. ಮಾವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಎಲೆ ಸಾಬರನ್ನು ಅವನೇ ಕರೆಸಿದ್ದ.

"ಸಾಬ್ರ, ಕಲ್ಲು ಸರಿಸೇವಿ, ಹೊಳಿದಾರಿಲೆ ಬರಬ್ಯಾಡ ಅಂತ ನಮ್ಮ ಮನಿಯಿಂದ ಹೇಳಿ ಕಳಿಸಿದ್ದು ಖರೇನೋ ಸುಳ್ಳೋ?"

ಸಾಬರು ಮುದುಕರು, ಸುಳ್ಳು ಹೇಳಿ ಗೊತ್ತಿಲ್ಲದವರು. "ಖರೆ ಐತ್ರಿ. ನಾನೇ ಹೋಗಿ ಹೇಳೇನಿ."

"ಅದಕ್ಕ ಅಂವ ಏನಂದ?"

ಸಾಬರು ಅವ್ವನ ಕಡೆ ನೋಡಿ ತಲೆ ತಗ್ಗಿಸಿದರು. "ನಕ್ಕರ್ರಿ. ಹ್ವಾದ ವರ್ಷ ಹೊಳಿ ತುಂಬೇತಿ ಅಂದ್ರು, ಈ ವರ್ಷ ಕಲ್ಲು ನಡದೈತಿ ಅಂತಾರ. ಕಲ್ಲಿಗೆ ಕಾಲು ಬಂದುವೇನು, ನಮ್ಮ ತಂಗಿಗೆ ಹೊಡದು ಬಡದು ಹಿಂಗ ಹೇಳಸ್ಯಾರ ಅಂದ್ರು. ನಾ ಎಷ್ಟು ಹೇಳಿದ್ರೂ ಕೇಳಲಿಲ್ರಿ."

ಅಲ್ಲಿಗೆ ಮುಗಿಯಿತು. ಹೇಳಿ ಕಳಿಸಿದ್ದಾರೆ, ಅವನು ಕೇಳಲಿಲ್ಲ, ಹಣೆಬರಹ ಎಂದು ಹಿರಿಯರು ಎದ್ದರು. ಕಸಬರಿಗೆ ಏಟು ತಿಂದು ಕಳಿಸಿದ ನನ್ನ ಮಾತು ಮಾವನನ್ನು ಗಂಗೆಯಲ್ಲಿ ಮಿಂದವನಂತೆ ಮಾಡಿ ಮನೆಗೆ ಕಳಿಸಿತು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಕಲ್ಲನ್ನು ಯಾರೂ ತಿರುಗಿ ಕೆಳಗೆ ತರಲಿಲ್ಲ. ಈ ಹುಡುಗರು ಅದಕ್ಕೇ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಮರುವರ್ಷ ಪಂಚಮಿಗೆ ಮಾವ ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಹೋಗಿ ಬಾರವಾ ತವರಿಗೆ. ಈ ವರ್ಷ ನೀರು ಕಡಿಮಿ ಐತಿ, ಯಾರು ಬ್ಯಾಡಂತಾರ?" ಎಂದ. ಕರೆಯಲು ಯಾರೂ ಬರದ ಮಗಳು ತಾನಾಗಿ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ನಾನು ಸೆರಗು ಕೊಡವಿ ಹೊರಟೇಬಿಟ್ಟೆ. ಕಲ್ಲಿನ ಕಡೆ ನೋಡದೆ, ಮೊಣಕಾಲು ನೀರಲ್ಲಿ ಹೊಳೆ ದಾಟಿ, ಜಾಲಿ ಸಾಲಿನಲ್ಲಿ ಮುಳ್ಳು ತುಳಿಯುತ್ತಾ ಒಬ್ಬಳೇ ನಡೆದೆ.

ಅವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಆ ವರ್ಷ ಅವಳ ಕಣ್ಣು ಮಂಜಾಗಿದ್ದವು, ಮನಸ್ಸೂ ಅಷ್ಟಿಷ್ಟು ಹೋಗಿತ್ತು. ನನ್ನ ದನಿ ಗುರುತು ಹಿಡಿದು ಮುಖ ಅರಳಿಸಿ ಎದ್ದಳು. ನನ್ನನ್ನು ಮುಟ್ಟಲಿಲ್ಲ. ಕತ್ತು ಚಾಚಿ, ನಾನು ಬಂದ ದಾರಿಯ ಕಡೆ ಕಿವಿಗೊಟ್ಟು, ಚಪ್ಪಲಿಯ ಸಪ್ಪಳಕ್ಕೆ ಕಾಯುತ್ತಾ ನಿಂತಳು.

"ಅಂವ ಎಲ್ಲಿ ಹಿಂದುಳದಾನವಾ?" ಎಂದು ಕೇಳಿದಳು.