ಭಟ್ಟಿಯ ಹಿಂದಿನ ಗೋಡೆ

ಕರೆವ್ವ ಯಾರನ್ನೂ ನಂಬುವವಳಲ್ಲ. ಸುಣ್ಣ ಕೊಳ್ಳಲು ಬಂದವರು ಬುಟ್ಟಿ ಎತ್ತಿ ಗಾಡಿಗೆ ಹಾಕುವವರೆಗೂ ಅವರ ಕೈಯನ್ನೇ ನೋಡುತ್ತ ನಿಂತಿರುತ್ತಾಳೆ. ಮುಧೋಳದ ಹೊರಗೆ, ಹಳ್ಳದ ದಂಡೆಯಲ್ಲಿ ಅವಳದೊಂದು ಸುಣ್ಣದ ಭಟ್ಟಿ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಕಲ್ಲು ಒಡೆಯುವುದು, ಸುಡುವುದು, ಮಾರುವುದು ಎಲ್ಲ ಅವಳೊಬ್ಬಳೇ.

ನನಗೆ ಅವಳ ಪರಿಚಯವಾದದ್ದು ನಮ್ಮ ಅಲಕಾಳ ಹೊಟ್ಟೆನೋವಿನಿಂದ. ಕೂಸು ಹಾಲು ಕಕ್ಕಿ, ಕಾಲು ಮಡಚಿ ಅಳುವಾಗ ಕರೆವ್ವ ಕೊಡುವ ಸುಣ್ಣದ ತಿಳಿನೀರಿನ ನಾಲ್ಕು ಹನಿಗೆ ಸಮಾಧಾನವಾಗುತ್ತಿತ್ತು. ಆ ನೀರನ್ನೂ ಅವಳು ಕೊಡುತ್ತಿದ್ದದ್ದು ನನ್ನ ಸೀಸೆಯನ್ನು ಬಿಸಿಲಿಗೆ ಹಿಡಿದು, ಮೂಸಿ ನೋಡಿದ ಮೇಲೆಯೇ.

ಆ ಭಟ್ಟಿಗೆ ಕಟ್ಟಿದ ಗೋಡೆ ಮೂರೇ. ಹಿಂದಿನದು ಹಳ್ಳದ ದಂಡೆ: ಮೇಣದ ಬಣ್ಣದ ಕಲ್ಲಿನ ಒಂದು ಪಟ್ಟಿ. ಸುಣ್ಣದ ಕಲ್ಲು ಸುಟ್ಟ ಮೇಲೆ ನೀರು ಚಿಮುಕಿಸಿದರೆ ಅರಳಿ ಪುಡಿಯಾಗುತ್ತದೆ. ಈ ಕಲ್ಲು ಅರಳುವುದಿಲ್ಲ. ಅದಕ್ಕೇ ಅವಳ ಮಾವ ಅಲ್ಲಿ ಭಟ್ಟಿ ಹೂಡಿದ್ದ. ಅದರ ಚೂರು ಸುಣ್ಣದ ಕಲ್ಲಿನಲ್ಲಿ ಬೆರೆತು ಬಂದರೆ ಕರೆವ್ವ "ಸತ್ತ ಕಲ್ಲು" ಎಂದು ಆರಿಸಿ ಗುಡ್ಡೆಗೆ ಎಸೆಯುತ್ತಿದ್ದಳು.

೧೯೩೮ರ ಮಾಘದಲ್ಲಿ ಸಂಸ್ಥಾನದ ಕಲ್ಲು ಮಣ್ಣು ಪರೀಕ್ಷಿಸಲು ಪುಣೆಯಿಂದ ನಾರಾಯಣರಾಯರು ಎಂಬವರು ಬಂದರು. ನಮ್ಮವರು ಕಚೇರಿಯಲ್ಲಿ ಕಾರಕೂನರು. ರಾಯರ ಜೊತೆ ತಿರುಗುವ ಕೆಲಸ ಇವರ ಪಾಲಿಗೆ ಬಂತು. ಸುದ್ದಿ ತಿಳಿದ ಕರೆವ್ವ ನಮ್ಮ ಹಿತ್ತಲಿಗೇ ಬಂದಳು.

"ಬಾಯಾರ, ಅಂವ ಮರಾಠಿಯೊಳಗ ಒಂದ್ ಅಂತಾನ, ನಿಮ್ಮ ಮನಿಯವ್ರು ನನಗ ಇನ್ನೊಂದ್ ಹೇಳ್ತಾರ. ನಿಮಗೂ ಮರಾಠಿ ತಿಳಿತೈತಿ, ನೀವೂ ಬರ್ರಿ."

"ನನ್ನ ಮ್ಯಾಲೆ ನಂಬಿಕಿ ಅದ ಏನು?"

"ಹಂಗಲ್ಲರಿ. ಕೂಸಿಗೆ ನೀರು ಬೇಕಲ್ಲ ನಿಮಗ."

ಮರುದಿನ ಹೋದೆ. ಭಟ್ಟಿ ಆರಿ ಮೂರು ದಿನವಾಗಿತ್ತು. ಹಿಂದಿನ ಗೋಡೆ ಭಟ್ಟಿಯಾಚೆಗೂ ಒಂದು ಮಾರು ಚಾಚಿತ್ತು. ಮಸಿ ಹಿಡಿದು ಕಪ್ಪಾಗಿತ್ತು. ಅದಕ್ಕೆ ಒರಗಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ತಣ್ಣಗಿತ್ತು.

ರಾಯರು ಗುಡ್ಡೆಯಿಂದ ಸತ್ತ ಕಲ್ಲೊಂದನ್ನೆತ್ತಿ ಒಂದು ಕೈಯಲ್ಲಿ, ಅಷ್ಟೇ ಗಾತ್ರದ ಸುಣ್ಣದ ಕಲ್ಲನ್ನು ಇನ್ನೊಂದರಲ್ಲಿ ತೂಗಿದರು. ಸತ್ತ ಕಲ್ಲಿನ ಭಾರಕ್ಕೆ ಹುಬ್ಬು ಮೇಲೇರಿತು. ಎರಡರ ಮೇಲೂ ಸಣ್ಣ ಸೀಸೆಯಿಂದ ತೇಜಾಬು ಎಂಬ ಸುಡುವ ಆಮ್ಲ ಬಿಟ್ಟರು. ಸುಣ್ಣದ ಕಲ್ಲು ಬುಸ್ಸೆಂದು ನೊರೆಯಾಯಿತು, ಸತ್ತ ಕಲ್ಲು ಸುಮ್ಮನಿತ್ತು. ಇದನ್ನು ಕುಟ್ಟಿ, ಪುಡಿಯನ್ನು ಗಾಜಿನ ನಳಿಕೆಗೆ ಹಾಕಿ, ತೇಜಾಬಿನೊಡನೆ ಬಿಸಿ ಮಾಡಿದಾಗ ಮಾತ್ರ ಸಾಸಿವೆಯಂಥ ಗುಳ್ಳೆಗಳೆದ್ದವು. ಅವರ ಮುಖ ಅರಳಿತು. ಚೂರುಗಳನ್ನು ಒಂದೊಂದೇ ಕಾಗದದಲ್ಲಿ ಸುತ್ತಿ ನಂಬರು ಬರೆದು ಚೀಲಕ್ಕೆ ಹಾಕತೊಡಗಿದರು. ನಮ್ಮವರಿಗೆ ಮರಾಠಿಯಲ್ಲಿ ಏನೋ ಹೇಳಿದರು.

"ಕಲ್ಲು ಛಲೋ ಅದ ಅಂತಾರ, ಅಷ್ಟ," ಎಂದರು ನಮ್ಮವರು.

ಕರೆವ್ವ ನನ್ನತ್ತ ನೋಡಿದಳು. ನಾನು ಪಿಸುದನಿಯಲ್ಲಿ ಇದ್ದದ್ದನ್ನೇ ಹೇಳಿದೆ: ಈ ಕಲ್ಲು ಅಪರೂಪದ್ದು, ಗ್ಯಾಸ್‌ಬತ್ತಿಯ ಜಾಳಿಗೆಗೆ ಬೇಕಾಗುವಂಥ ಮಣ್ಣು ಇದರಲ್ಲಿದೆಯಂತೆ, ಇದರ ಪಟ್ಟಿ ಇಲ್ಲಿ ಸಿಕ್ಕರೆ ಭಟ್ಟಿ ಕೆಡವಿ ದಂಡೆಯನ್ನೆಲ್ಲ ಅಗೆಸಬೇಕಂತೆ.

"ಬಾಯಿ, ಇದು ಎಲ್ಲಿ ಸಿಗ್ತದ?" ರಾಯರು ಹರಕುಮುರುಕು ಕನ್ನಡದಲ್ಲಿ ಕೇಳಿದರು.

"ಮಳಿಗಾಲದಾಗ ಹಳ್ಳ ತರತೈತ್ರಿ. ಎಲ್ಲಿಂದ ತರತೈತೋ, ಹಳ್ಳಾನ ಕೇಳ್ರಿ."

ರಾಯರು ನಕ್ಕರು. ಆದರೆ ಸುತ್ತಿಗೆ ಹಿಡಿದು ನಾನು ಒರಗಿದ್ದ ಗೋಡೆಯತ್ತಲೇ ಬಂದರು.

"ಮುಟ್ಟಬ್ಯಾಡ್ರಿ!" ಕರೆವ್ವ ಕೂಗಿದಳು. "ನಿನ್ನಿ ಸುಟ್ಟ ಭಟ್ಟಿ ಐತಿ, ಕೈ ಬೊಬ್ಬಿ ಏಳ್ತಾವ!"

ರಾಯರು ಗೋಡೆಯನ್ನು ನೋಡಲಿಲ್ಲ. ನನ್ನನ್ನೂ ಕೂಸನ್ನೂ ನೋಡಿದರು. ನಾನು ತಟ್ಟನೆ ಎದ್ದೆ. "ಅಯ್ಯ, ನನ್ನ ಬಂಗಾರ," ಎಂದು ಅಲಕಾಳ ಪಾದಕ್ಕೆ ಉಫ್ ಉಫ್ ಎಂದು ಊದಿದೆ. ಬೆಚ್ಚಿಬಿದ್ದ ಕೂಸು, ಪುಣ್ಯಕ್ಕೆ, ಅತ್ತಿತು. ರಾಯರು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ನಮ್ಮವರು ನನ್ನನ್ನೇ ನೋಡುತ್ತಿದ್ದರು; ಮನೆಗೆ ಬಂದ ಮೇಲೂ ಏನೂ ಕೇಳಲಿಲ್ಲ. ಕೇಳದ್ದೇ ನನಗೆ ಹೆದರಿಕೆ.

ಅಂದು ಭಟ್ಟಿಯಿಂದ ಅವರಿಬ್ಬರೂ ಹೋದ ಮೇಲೆ ಕರೆವ್ವನಿಂದ ಒಂದು ಒಳ್ಳೆಯ ಮಾತು ಬಂದೀತೆಂದು ನಿಂತಿದ್ದೆ.

"ಯಾಕ ಎದ್ರಿ?" ಎಂದಳು. "ಏನ್ ಬೇಕಾಗೈತಿ ನಿಮಗ?"

ಎರಡು ತಿಂಗಳಿಗೆ ಕಚೇರಿಗೆ ಕಾಗದ ಬಂತು. ಕರೆವ್ವನಿಗೆ ಬಂದ ನಕಲನ್ನು ನಾನೇ ಓದಿ ಹೇಳಿದೆ: ಕಲ್ಲು ಅಪರೂಪದ್ದು ನಿಜ, ಆದರೆ ಹಳ್ಳದಲ್ಲಿ ಉರುಳಿ ಬಂದ ಬಿಡಿ ಚೂರು, ಮೂಲ ಸಿಗಲಿಲ್ಲ, ಅಗೆಸುವ ಕಾರಣವಿಲ್ಲ. ಅವಳು ಎರಡು ಸಲ ಓದಿಸಿದಳು. ಆಮೇಲೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ, "ನೀವು ಓದಿದ್ದು ಖರೇನ ಇರಬೇಕ್ರಿ. ಆದ್ರೂ ಸಾಲಿ ಮಾಸ್ತರಗ ಒಮ್ಮೆ ತೋರಸ್ತೀನಿ," ಎಂದಳು.

ಮೊನ್ನೆ ನೀರು ತರಲು ಹೋದಾಗ ಭಟ್ಟಿ ಖಾಲಿ ಇತ್ತು. ಆದರೂ ಹಿಂದಿನ ಗೋಡೆಗೆ ತಾಗಿ ಒಂದು ಬುಟ್ಟಿ ಸಗಣಿಯ ಕುಳ್ಳು ಹೊಗೆಯಾಡುತ್ತಿತ್ತು. ಗೋಡೆ ಮುಟ್ಟಿದೆ, ಸುಟ್ಟಿತು.

"ಇದ್ಯಾಕ ಕರೆವ್ವ? ಆ ರಾಯರು ಇನ್ನ ಬರೂದಿಲ್ಲಲ್ಲ."

ಅವಳು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಅಂವ ಬರೂದಿಲ್ಲರಿ. ನಿಮ್ಮ ಮನಿಯವ್ರು ಬಂದ್ರ?"