ಇಪ್ಪತ್ತೆಂಟನೆಯ ಗೀಟು

ಆ ಭಾನುವಾರ ಬಲ್ಬ್ ಆರಿಸಿದಾಗ ಗಂಟೆ ಎಷ್ಟಾಗಿತ್ತು ಎಂಬುದು ನನಗೆ ಖಚಿತವಿಲ್ಲ. ಎಂಟೂವರೆ ಎಂದು ಒಂದು ನೆನಪು ಹೇಳುತ್ತದೆ, ಹತ್ತು ದಾಟಿತ್ತು ಎಂದು ಇನ್ನೊಂದು. ಅಮ್ಮ ತರಕಾರಿ ತಂದು ಒಳಗೆ ಬಂದಾಗ ಹನ್ನೊಂದು. ಅದೊಂದು ಮಾತ್ರ ನಿಜ.

ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯ ಮೂಲೆಯಲ್ಲಿ ಥರ್ಮಾಕೋಲ್ ಡಬ್ಬ ಇಟ್ಟಿದ್ದೆ. ಒಳಗೆ ಬಲ್ಬ್, ಒಂದು ಬಟ್ಟಲು ನೀರು, ಥರ್ಮಾಮೀಟರು, ನಗರದಂಚಿನ ಉಲ್ಲಾಳದ ರೈತರೊಬ್ಬರ ಮನೆಯಿಂದ ತಂದ ಆರು ಬಾತುಕೋಳಿ ಮೊಟ್ಟೆ. ಹೊರಳಿಸಿದೆನೋ ಇಲ್ಲವೋ ಎಂದು ನನ್ನ ತಲೆಯನ್ನು ಕೇಳುವುದು ಬೇಡವೆಂದು ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಕತ್ತರಿ ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕಿದ್ದೆ. ದಿನದ ಲೆಕ್ಕ ಅಮ್ಮನದು. ದಿನಕ್ಕೊಂದು ಗೀಟು, ಕ್ಯಾಲೆಂಡರಿನ ಮೇಲೆ.

ಇಪ್ಪತ್ತೆಂಟು ದಿನಕ್ಕೆ ಮರಿ ಎಂದಿದ್ದರು ಉಲ್ಲಾಳದವರು. ಶನಿವಾರಕ್ಕೆ ಇಪ್ಪತ್ತೆಂಟು ಗೀಟಾಯಿತು. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಭಾನುವಾರ ಬೆಳಿಗ್ಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಬರೀ ಕಪ್ಪು, ಅಲುಗಾಟವಿಲ್ಲ. ಸತ್ತಿವೆ, ಇನ್ನು ಕೊಳೆತು ಸಿಡಿಯುತ್ತವೆ ಎಂದು ಹೆದರಿ ಬಲ್ಬ್ ಆರಿಸಿ ಮುಚ್ಚಳ ತೆಗೆದಿಟ್ಟೆ.

"ಲೈಟ್ ಯಾಕೋ ಆರ್ಸಿದೀಯ?" ಎಂದಳು ಅಮ್ಮ.

"ನಿನ್ನೆಗೇ ಇಪ್ಪತ್ತೆಂಟು ಮುಗೀತಲ್ಲಮ್ಮ."

"ಎಲ್ಲಿ ಮುಗೀತು? ಇಟ್ಟ ದಿನಾನೂ ಸೇರ್ಸಿ ಗೀಟು ಎಳ್ದಿದೀನಿ. ಹನ್ನೊಂದನೇ ದಿನ ನಾಮಕರಣ ಅಂದ್ರೆ ಹುಟ್ಟಿದ ದಿನ ಬಿಟ್ಟು ಎಣಿಸ್ತಾರೇನೋ?"

"ಇಟ್ಟಿದ್ದು ಶನಿವಾರ ಅಲ್ವಾ?"

"ಭಾನುವಾರ ಸಾಯಂಕಾಲ ಕಣೋ. ಬಾಡೂಟ ಮಾಡಿ ತೇಗ್ತಾ ಹೋಗಿ ನೀನು ತಂದಿದ್ದು. ಅಷ್ಟು ಓದಿ ಏನು ಬಂತು, ಬಾತುಕೋಳಿಗಿರೋ ತಾಳ್ಮೆ ನಿಂಗಿಲ್ಲ."

ಹಾಗಾದರೆ ಇಪ್ಪತ್ತೆಂಟು ತುಂಬುವುದು ಅಂದೇ ಸಂಜೆಗೆ. ಶನಿವಾರದ ಗದ್ದಲದ ಬಸ್ಸಿನಲ್ಲಿ ಮೊಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅಮ್ಮ ಹೇಳಿದ ಮೇಲೆ ಅದೇ ಬಸ್ಸಿನಲ್ಲಿ ಬಾಡಿನ ಸಾರಿನ ತೇಗೂ ಸೇರಿಕೊಂಡಿತು. ಅದು ಮೊದಲೇ ಇತ್ತೋ, ಆಗ ಬಂದು ಸೇರಿತೋ ತಿಳಿಯದು.

ಬಲ್ಬ್ ಹಾಕಿದೆ. ಮೊಟ್ಟೆಯೊಂದನ್ನು ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು. ಥರ್ಮಾಮೀಟರಿನ ಕೆಂಪು ಗೆರೆ ಏರುವವರೆಗೂ ಅಲ್ಲೇ ಕುಳಿತೆ. ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆ ಡಬ್ಬದೊಳಗಿಂದ, ಕಿಟಕಿಗೆ ಉಗುರು ತಾಗಿದಂಥ ಸಣ್ಣ ಸದ್ದು. ನನ್ನ ಕಿವಿಯನ್ನು ನಂಬದೆ ಅಮ್ಮನನ್ನು ಕರೆದೆ. ಅವಳಿಗೂ ಕೇಳಿಸಿತು.

ಮಂಗಳವಾರದೊಳಗೆ ನಾಲ್ಕು ಮರಿ ಹೊರಬಂದವು. ಉಳಿದೆರಡು ಬರಲೇ ಇಲ್ಲ.

"ಅವು ಮೊದ್ಲೇ ಹೋಗಿದ್ವು ಬಿಡೋ," ಎಂದಳು ಅಮ್ಮ.

ಇರಬಹುದು. ಬಲ್ಬ್ ಆರಿಸಿದ್ದು ಹತ್ತರ ಮೇಲೆ ಎಂಬ ನೆನಪು ಈಗ ದಿನೇ ದಿನೇ ಗಟ್ಟಿಯಾಗುತ್ತಿದೆ. ಹಾಗಿದ್ದರೆ ಮೊಟ್ಟೆಗಳು ಬಿಸಿಯಿಲ್ಲದೆ ಇದ್ದದ್ದು ಒಂದು ಗಂಟೆಗೂ ಕಡಿಮೆ. ನನಗೆ ಅನುಕೂಲವಾದದ್ದೂ ಅದೇ. ಹಾಗಾಗಿ ನಂಬಲು ಭಯ.