ಮಗಳ ಹೆಸರಿದ್ದ ಸೋಬಾನೆ ಪದ

ನನ್ನ ಮಗಳ ಮದುವೆ ರಾಣೆಬೆನ್ನೂರಿನಲ್ಲಿ ಆಯಿತು. ಊಟ ಚೆನ್ನಾಗಿತ್ತು, ಬೀಗರು ಮುನಿಸಿಕೊಳ್ಳಲಿಲ್ಲ, ಕರೆಂಟೂ ಹೋಗಲಿಲ್ಲ. ಆದರೂ ನನ್ನ ದೊಡ್ಡವ್ವನ ಪ್ರಕಾರ ಆ ಮದುವೆ ಬಹಳ ದಿನ ಆಗಿರಲೇ ಇಲ್ಲ.

ದೊಡ್ಡವ್ವ ಅಂದರೆ ಅವ್ವನ ಅಕ್ಕ. ಹೊಸರಿತ್ತಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಸೊಂಟದ ಎಲುಬು ಮುರಿದು ಮಂಚ ಹಿಡಿದಿದ್ದರಿಂದ ಮದುವೆಗೆ ಬರಲಾಗಲಿಲ್ಲ. ಅಕ್ಷತೆ ಬಿದ್ದ ಮೇಲೆ ಸೋಬಾನೆ ಪದ ಹಾಡುವುದು ನಮ್ಮಲ್ಲಿ ಈ ಅಕ್ಕತಂಗಿಯರ ಕೆಲಸ. ಪದದ ನಡುವೆ ಒಂದು ಕಡೆ ಮದುಮಗಳ ಹೆಸರು ಸೇರಿಸಿ ಹಾಡಬೇಕು. ಆ ಹೆಸರು ಕಿವಿಗೆ ಬಿದ್ದ ಮೇಲೆಯೇ ಹಿರಿಯರು ಆಯೇರಿ, ಅಂದರೆ ಮದುವೆಯ ಉಡುಗೊರೆ, ಕೊಡುವುದು. ಒಬ್ಬ ಮದುಮಗಳಿಗೆ ಒಂದೇ ಸಲ ಆ ಪದ. ಈ ಸಲ ಅವ್ವ ಒಬ್ಬಳೇ ಹಾಡುವುದು, ದೊಡ್ಡವ್ವ ಮೊಬೈಲಿನಲ್ಲಿ ನೋಡುವುದು ಎಂದು ಮಾತಾಗಿತ್ತು. ಫೋಟೋ ಸ್ಟುಡಿಯೋದವನು ತನ್ನ ಚಾನಲ್ಲಿನಲ್ಲಿ ನೇರಪ್ರಸಾರ ಮಾಡಿದ.

ಸಂಜೆ ದೊಡ್ಡವ್ವನ ಫೋನ್ ಬಂತು.

"ಯವ್ವಾ, ನಿಮ್ಮವ್ವ ಬರೇ ಬಾಯಿ ಅಲ್ಲಾಡ್ಸಿದ್ಲಲ್ಲ, ದನೀನ ಬರ್ಲಿಲ್ಲ. ಹೆಸರ ಕೇಳಲಿಲ್ಲಂದ್ರ ಮದುವಿ ಹೆಂಗ ಆತು?"

ತಮಾಷೆ ಎಂದುಕೊಂಡೆ. ಅಲ್ಲ. ಆಮೇಲೆ ಫೋನ್ ಮಾಡಿದಾಗಲೆಲ್ಲ ನನ್ನ ಮಗಳಿಗೆ ಅವಳದು ಒಂದೇ ಪ್ರಶ್ನೆ: "ನಿನ್ನ ಮದುವಿ ಯಾವಾಗವ್ವಾ?"

ಸ್ಟುಡಿಯೋಗೆ ಹೋಗಿ ವಿಡಿಯೋ ನೋಡಿದೆ. ಪದ ಶುರುವಾಗುವಲ್ಲಿಗೆ ಸರಿಯಾಗಿ ಸದ್ದು ಮಾಯ. ಹಕ್ಕು ಬೇರೊಂದು ಕಂಪನಿಯದು, ಅದಕ್ಕೆ ಧ್ವನಿ ತೆಗೆಯಲಾಗಿದೆ ಎಂದು ಕೆಳಗೆ ಬರೆದಿತ್ತು. ಯಾವ ಕಂಪನಿ? ಬಹಳ ವರ್ಷಗಳ ಹಿಂದೆ ಅವ್ವ, ದೊಡ್ಡವ್ವ ಇಬ್ಬರನ್ನೂ ಹಾವೇರಿಗೆ ಕರೆಸಿ ಇದೇ ಪದವನ್ನು ಕ್ಯಾಸೆಟ್ಟಿಗೆ ಹಾಡಿಸಿಕೊಂಡಿದ್ದ ಕಂಪನಿ! ಈಗ ಅವರ ಹಳೆಯ ಹಾಡುಗಳೆಲ್ಲ ಇಂಟರ್ನೆಟ್ಟಿನಲ್ಲಿವೆ. ಯಾವುದೋ ಯಂತ್ರ ಅವ್ವನ ದನಿ ಕೇಳಿ, ಇದು ಕಂಪನಿಯ ಮಾಲು ಎಂದು ಬಾಯಿಗೆ ಬೀಗ ಹಾಕಿತ್ತು. ಅವ್ವ ತನ್ನ ದನಿಯನ್ನು ತಾನೇ ಕದ್ದಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಬೇರೆ ಪ್ರತಿಯೂ ಇರಲಿಲ್ಲ. ಲಗ್ನಸರಾಯಿಯ, ಅಂದರೆ ಮದುವೆ ಹಂಗಾಮಿನ, ಗಡಿಬಿಡಿಯಲ್ಲಿ ಆ ಪುಣ್ಯಾತ್ಮ ಕ್ಯಾಮೆರಾದ ಕಾರ್ಡ್ ಅಳಿಸಿ ಮುಂದಿನ ಮದುವೆಗೆ ಹೋಗಿದ್ದ. "ನಿಮ್ಮವ್ವಾರು ಧಾಟಿ ಸ್ವಲ್ಪ ಬದಲಿ ಮಾಡಿ ಇನ್ನೊಮ್ಮೆ ಹಾಡ್ಲಿರಿ, ಯಂತ್ರಕ್ಕ ಗೊತ್ತಾಗಂಗಿಲ್ಲ, ನಾ ವಿಡಿಯೋಕ್ಕ ಕೂಡಸ್ತೇನಿ" ಎಂದ. ಅವ್ವನಿಗೆ ಹೇಳಿದರೆ ಕಣ್ಣು ಕೆಂಪಗೆ ಮಾಡಿದಳು.

"ಅಕ್ಷತಿ ಎರಡ ಸಲ ಹಾಕ್ತಾರೇನು? ನನ್ನ ದನಿ ನಾ ಯಾಕ ಮುಚ್ಚಿಡ್ಲಿ? ಕಳವು ಮಾಡೇನೇನು?"

ಅಲ್ಲಿಗೆ ನಾನೂ ನಿರ್ಧರಿಸಿದೆ. ಆ ಸದ್ದು ವಾಪಸ್ ಬರಲೇಬೇಕು, ದೊಡ್ಡವ್ವ ಆ ಹೆಸರು ಕೇಳಲೇಬೇಕು.

ಸ್ಟುಡಿಯೋದವನಿಂದ ಹಾಕಿಸಿದ ಮೊದಲ ತಕರಾರನ್ನು ಕಂಪನಿ ಒಂದೇ ಸಾಲಿನಲ್ಲಿ ತಳ್ಳಿಹಾಕಿತು. ಮತ್ತೆ ಕೇಳಲು ಅವನು ಒಲ್ಲೆನೆಂದ. "ಅಕ್ಕಾರ, ಸೋತ್ರ ಚಾನಲ್ ಬಂದ್ ಮಾಡ್ತಾರ್ರಿ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ." ಅವನ ಹೆದರಿಕೆಯೂ ಖರೆಯೇ. ಹಾಗಾದರೆ ಸೋಲದಂಥ ಮಾತು ಬೇಕು.

ಬ್ಯಾಡಗಿಯ ನನ್ನ ಸೀರೆ ಫಾಲ್ಸ್, ದಾರದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಂಪನಿಯ ಹಾಡು ಹಚ್ಚಿದೆ. ಮೊದಲು ಹಲ್ಲುಪುಡಿಯ ಜಾಹೀರಾತು, ಆಮೇಲೆ ಅಕ್ಕತಂಗಿಯರ ಎಳೆಯ ಕಂಠ. ಹೆಸರಿನ ಸಾಲು ಬಂತು. ಹೆಸರೇ ಇರಲಿಲ್ಲ. ಅಲ್ಲಿ ಇಬ್ಬರೂ ಬರೀ "ಸೋ" ಎಂದು ಉದ್ದಕ್ಕೆ ಎಳೆದಿದ್ದರು.

"ಹೌದಲ್ಲ! ಯಾರ ಹೆಸರೂ ಬ್ಯಾಡ, ಎಲ್ಲಾರ ಮದುವಿಗೂ ನಡೀಬೇಕು ಅಂದಿದ್ರು" ಎಂದಳು ಅವ್ವ. "ಅವರ ಪದದಾಗ ಆ ಜಾಗಾ ಖಾಲಿ ಐತಿ."

ಅಷ್ಟು ಸಾಕಾಯಿತು. ಅಂಗಡಿಯ ಬಾಗಿಲು ಎಳೆದು ರಾಣೆಬೆನ್ನೂರಿನ ಬಸ್ಸು ಹಿಡಿದೆ. ಸ್ಟುಡಿಯೋದವನ ಪಕ್ಕದಲ್ಲೇ ಕುಳಿತು ಬರೆಸಿದೆ: ನಿಮ್ಮ ಕ್ಯಾಸೆಟ್ಟು ಬಂದಾಗ ಈ ಮದುಮಗಳು ಹುಟ್ಟೇ ಇರಲಿಲ್ಲ. ಅವಳ ಹೆಸರು ನಿಮ್ಮ ಹಾಡಿನಲ್ಲಿ ಎಲ್ಲಿದೆ ತೋರಿಸಿ. ಕ್ಯಾಸೆಟ್ಟು ನಿಮ್ಮದು, ಪದ ಊರಿನದು, ಕಂಠ ನನ್ನ ಅವ್ವನದು. ಅವನ ಬೆರಳು ಇನ್ನೂ ಹಿಂದೆಮುಂದೆ ನೋಡುತ್ತಿತ್ತು. "ಒತ್ತ್ರೀ ತಮ್ಮಾ, ನಾ ಇದ್ದೇನಿ" ಎಂದೆ. ಒತ್ತಿದ.

ಅಷ್ಟಕ್ಕೆ ಬಿಡಲಿಲ್ಲ, ಕಂಪನಿಗೆ ಫೋನೂ ಹಚ್ಚಿದೆ. ಆ ಕಡೆಯ ಹುಡುಗಿ "ಸಿಸ್ಟಮ್ ತಾನೇ ಹಿಡಿಯುತ್ತೆ ಮೇಡಂ, ನಾವೇನೂ ಮಾಡಿಲ್ಲ" ಎಂದಳು. "ಸಿಸ್ಟಮ್‌ಗೆ ಕಿವಿ ಐತಿ, ನಿಮಗೂ ಐತಲ್ಲ? ನೀವ ಒಂದ್ಸಲ ಕೇಳ್ರಿ" ಎಂದೆ. ಕೇಳಿದಳೋ ಏನೋ. ಕೊನೆಗೆ ಅವರು ಹಕ್ಕು ಬಿಟ್ಟುಕೊಟ್ಟರು, ವಿಡಿಯೋಕ್ಕೆ ಸದ್ದು ಬಂತು. ಸ್ಟುಡಿಯೋದವನು ಪೇಢೆ ಹಂಚಿದ.

ಮಗಳನ್ನೂ ಅಳಿಯನನ್ನೂ ಅವ್ವನನ್ನೂ ಕರೆದುಕೊಂಡು ಹೊಸರಿತ್ತಿಗೆ ಹೋದೆ. ಅಳಿಯನನ್ನು ದೊಡ್ಡವ್ವ ಒಳಗೆ ಕರೆಯಲಿಲ್ಲ. ಆತ ಕಟ್ಟೆಯ ಮೇಲೆ ಕುಳಿತ. ನಾನು ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿದೆ. ಪದ ಬಂತು. ತಂಗಿಯ ದನಿಯ ಜೊತೆ ಅಕ್ಕನೂ ಮಂಚದಲ್ಲೇ ಸಣ್ಣಗೆ ಸೇರಿಕೊಂಡಳು. ಹೆಸರಿನ ಸಾಲಿನಲ್ಲಿ ಮಾತ್ರ ತಾನು ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡವ್ವ ದಿಂಬಿನ ಕೆಳಗಿನಿಂದ ಟ್ರಂಕಿನ ಕೀಲಿ ತೆಗೆದು ನನ್ನ ಕೈಗಿಟ್ಟಳು.

"ಮ್ಯಾಲಿನ ಸೀರಿ ತಗಿ, ಆಯೇರಿ ಮಾಡೂನು" ಎಂದಳು. "ಅಳಿಯಾಂದ್ರು ಯಾಕ ಹೊರಗ ಕುಂತಾರ? ಒಳಗ ಕರೀರಿ ಲಗೂ."